ಇಂಜೆಕ್ಷನ್ ಎಂಜಿನ್‌ನ ಹಗುರ ವಿಮಾನಕ್ಕೆ ಬ್ಯಾಕಪ್ ವಿದ್ಯುತ್: ಕೊಡಗಿನಲ್ಲಿ ಹಾರುವವರಿಗೆ ಎಷ್ಟು ಬೇಕು, ಹೇಗೆ ಜೋಡಿಸಬೇಕು?

ಪೊನ್ನಂಪೇಟೆ_ಬೈಲು

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಗದ್ದೆ ಬಯಲಿನ ಸಣ್ಣ ರನ್‌ವೇಯಿಂದ ನಾವು ಕೆಲವರು ಸೇರಿ ಎರಡು ಆಸನದ ಹಗುರ ವಿಮಾನವೊಂದನ್ನು ಹಾರಿಸುತ್ತಿದ್ದೇವೆ. ರೆಕ್ಕೆ ತಲೆಯ ಮೇಲಿದೆ, ಎಂಜಿನ್ ಎರಡು ಕಾರ್ಬ್ಯುರೇಟರ್‌ಗಳ 100 ಅಶ್ವಶಕ್ತಿಯ ರೋಟಾಕ್ಸ್ 912. ಅದರ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮಾಡುವ ದುರಸ್ತಿ) ಹತ್ತಿರ ಬಂದಿರುವುದರಿಂದ ಇನ್ನೊಂದು ವಿಮಾನವನ್ನು ಕೊಳ್ಳುವ ಮಾತುಕತೆ ನಡೆದಿದೆ. ಅದರಲ್ಲಿರುವುದು ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಎಂಜಿನ್. ಇಲ್ಲಿನ ಮಂಜಿನ ಬೆಳಗಿನಲ್ಲಿ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟುವ ಆತಂಕ ಅದರಲ್ಲಿ ಇರುವುದಿಲ್ಲ, ಪೆಟ್ರೋಲೂ ಕಡಿಮೆ ಸಾಕು.

ನಮಗಿರುವ ಅಳುಕು ವಿದ್ಯುತ್ತಿನದು. ಆ ವಿಮಾನದಲ್ಲಿ ಎರಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮತ್ತು ಎರಡು ಇಂಧನ ಪಂಪುಗಳಿವೆ, ಆದರೆ ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಒಂದೇ, ಬ್ಯಾಟರಿಯೂ ಒಂದೇ. ಎಂಜಿನ್ ಓಡಲು ಇಸಿಯು, ಇಂಜೆಕ್ಟರ್, ಇಗ್ನಿಷನ್ ಕಾಯಿಲ್ ಮತ್ತು ಒಂದು ಪಂಪು ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತದೆ ಎಂದು ಕೈಪಿಡಿ ಹೇಳುತ್ತದೆ. ನಾವು ಹಾರುವುದು ಹೆಚ್ಚಾಗಿ ಸಿಲ್ವರ್ ಓಕ್ ಮರಗಳು ನಿಂತ ಕಾಫಿ ತೋಟಗಳ ಮೇಲೆ, ಕೆಲವೊಮ್ಮೆ ಮೈಸೂರಿನ ಕಡೆಗೆ. ಎಂಜಿನ್ ನಿಂತರೆ ಇಳಿಯಲು ಬೈಲುಗದ್ದೆಗಳನ್ನು ಬಿಟ್ಟು ಬೇರೆ ಜಾಗವಿಲ್ಲ. ಇನ್ನೊಂದು ಬ್ಯಾಟರಿ ಕೂರಿಸಿದರೆ ಸಾಕೇ, ಅಥವಾ ಅದಕ್ಕೂ ಮುಂದೆ ಯೋಚಿಸಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ವಿರಾಜಪೇಟೆ_ಮಾಜಿ_ವಾಯುಸೈನಿಕ

ಬ್ಯಾಟರಿಯ ಗಾತ್ರಕ್ಕೆ ಬರುವ ಮೊದಲು ಎಂಜಿನ್ ಯಾವ ಯಾವ ಕಾರಣಕ್ಕೆ ನಿಲ್ಲಬಹುದು ಎಂಬುದನ್ನು ನೋಡೋಣ. ಲೈಕಾಮಿಂಗ್, ಕಾಂಟಿನೆಂಟಲ್ ಮುಂತಾದ ಹಳೆಯ ವಿನ್ಯಾಸದ ಎಂಜಿನ್‌ಗಳಲ್ಲಿ ಎರಡು ಮ್ಯಾಗ್ನೆಟೊಗಳಿರುತ್ತವೆ. ಎಂಜಿನ್ ತಿರುಗುತ್ತಿರುವ ತನಕ ಒಳಗಿನ ಕಾಯಂ ಅಯಸ್ಕಾಂತವೂ ತಿರುಗಿ, ಸ್ಪಾರ್ಕಿಗೆ ಬೇಕಾದ ವಿದ್ಯುತ್ತನ್ನು ಅವು ತಾವೇ ಹುಟ್ಟಿಸಿಕೊಳ್ಳುತ್ತವೆ. ನಿಮ್ಮ ಈಗಿನ 912ರಲ್ಲಿ ಮ್ಯಾಗ್ನೆಟೊ ಇಲ್ಲದಿದ್ದರೂ ತತ್ತ್ವ ಅದೇ. ಇಗ್ನಿಷನ್‌ಗೆಂದೇ ಮೀಸಲಾದ ಕಾಯಿಲ್‌ಗಳು ಎಂಜಿನ್‌ನೊಳಗಿನ ಜನರೇಟರ್‌ನಲ್ಲಿವೆ, ಸ್ಪಾರ್ಕ್ ಕೊಡುವ ಎರಡು ಎಲೆಕ್ಟ್ರಾನಿಕ್ (ಸಿಡಿಐ) ಸರ್ಕ್ಯೂಟ್‌ಗಳು ಒಂದನ್ನೊಂದು ನೆಚ್ಚದೆ ಕೆಲಸ ಮಾಡುತ್ತವೆ, ಇಂಧನವನ್ನು ಎಂಜಿನ್ನೇ ನಡೆಸುವ ಮೆಕ್ಯಾನಿಕಲ್ ಪಂಪು ಎತ್ತುತ್ತದೆ. ವಿಮಾನದ ಇಡೀ ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಆಫ್ ಮಾಡಿದರೂ, ಬ್ಯಾಟರಿಯೇ ಸತ್ತುಹೋದರೂ ಆ ಎಂಜಿನ್ ಓಡುತ್ತಲೇ ಇರುತ್ತದೆ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ, ಅದನ್ನು ಅನೇಕರು ಗಮನಿಸುವುದಿಲ್ಲ. ಮ್ಯಾಗ್ನೆಟೊ ಆಗಲಿ ನಿಮ್ಮ ಸಿಡಿಐ ಆಗಲಿ, ಆಫ್ ಆಗುವುದು ಅದರ ವೈರನ್ನು ಅರ್ತ್‌ಗೆ ತಾಗಿಸಿದಾಗ. ಆ ವೈರ್ ಹಾರಾಟದಲ್ಲಿ ತುಂಡಾದರೆ ಎಂಜಿನ್ ನಿಲ್ಲುವುದಿಲ್ಲ. ಇಳಿದ ಮೇಲೆ ಅದನ್ನು ನಿಲ್ಲಿಸುವುದೇ ಕಷ್ಟವಾಗುತ್ತದೆ, ಪ್ರೊಪೆಲರ್ ಮುಟ್ಟುವವರು ಎಚ್ಚರದಿಂದಿರಬೇಕಾಗುತ್ತದೆ. ಇಂಜೆಕ್ಷನ್ ಎಂಜಿನ್‌ನಲ್ಲಿ ಇದೆಲ್ಲ ತಿರುವುಮುರುವು. ಇಂಜೆಕ್ಟರ್ ತೆರೆಯಲು, ಸ್ಪಾರ್ಕ್ ಹಾಯಿಸಲು, ಸುಮಾರು 3 ಬಾರ್ ಒತ್ತಡದಲ್ಲಿ ಇಂಧನ ತಳ್ಳಲು, ಮೂರಕ್ಕೂ ವಿದ್ಯುತ್ ಬೇಕು. ಮೇಲಿನ ರೆಕ್ಕೆಯ ಟ್ಯಾಂಕಿನಿಂದ ತಾನಾಗಿ ಇಳಿದು ಬರುವ ಇಂಧನದ ಒತ್ತಡ ಇದಕ್ಕೆ ಏನೇನೂ ಸಾಲದು. ಒಂದು ವೈರ್ ತುಂಡಾದರೆ, ಒಂದು ಫ್ಯೂಸ್ ಹೋದರೆ, ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ತೆರೆದುಕೊಂಡರೆ ಎಂಜಿನ್ ನಿಲ್ಲುವ ಕಡೆಗೇ ವಾಲುತ್ತದೆ.

ಆದ್ದರಿಂದ ನೀವು ಹುಡುಕಬೇಕಾದದ್ದು ಎರಡನೆಯ ದಾರಿಯನ್ನು. ಎರಡನೆಯ ಬ್ಯಾಟರಿ ಆ ದಾರಿಯ ಒಂದು ತುದಿ ಮಾತ್ರ. ಅಲ್ಲಿಂದ ಹೊರಟು ಫ್ಯೂಸ್, ಸ್ವಿಚ್, ಇಸಿಯು ಹಾದು ಅರ್ತ್‌ಗೆ ಮರಳುವ ತನಕ ಮೊದಲ ದಾರಿಯ ಯಾವ ತುಣುಕನ್ನೂ ಅದು ಹಂಚಿಕೊಳ್ಳಬಾರದು.

ಜಕ್ಕೂರು_ಹ್ಯಾಂಗರ್

ಸರ್ ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ರೋಟಾಕ್ಸ್ ಕಂಪನಿ 2012ರಲ್ಲಿ 912 ಐಎಸ್ ಎಂಬ ಇಂಜೆಕ್ಷನ್ ಎಂಜಿನ್ ತಂದಾಗ ಇದೇ ಪ್ರಶ್ನೆಯನ್ನು ಎಂಜಿನ್ ಒಳಗೇ ಬಗೆಹರಿಸಿತು. ಅದರಲ್ಲಿ ಎ ಮತ್ತು ಬಿ ಎಂಬ ಎರಡು ಜನರೇಟರ್‌ಗಳಿವೆ. ಚಿಕ್ಕದಾದ ಎ ಜನರೇಟರ್ ಎಂಜಿನ್‌ನ ಇಸಿಯು, ಇಗ್ನಿಷನ್ ಮತ್ತು ಪಂಪುಗಳಿಗೆ ಮೀಸಲು. ದೊಡ್ಡದಾದ ಬಿ ವಿಮಾನದ ಉಳಿದ ಉಪಕರಣಗಳಿಗೆ ಮತ್ತು ಬ್ಯಾಟರಿ ಚಾರ್ಜಿಗೆ. ಎ ಕೈಕೊಟ್ಟರೆ ಬಿ ತಾನಾಗಿ ಎಂಜಿನ್ನಿಗೆ ತಿರುಗುತ್ತದೆ, ಆಗ ರೇಡಿಯೊ, ಲೈಟು, ಪರದೆಗಳೆಲ್ಲ ಬ್ಯಾಟರಿಯ ಮೇಲೆ ಬೀಳುತ್ತವೆ. ಎರಡೂ ಹೋದರೆ ಮುಚ್ಚಳವಿರುವ ಒಂದು ಸ್ವಿಚ್ ಎತ್ತಿ ಬ್ಯಾಟರಿಯಿಂದ ಎಂಜಿನ್ನಿಗೆ ವಿದ್ಯುತ್ ಕೊಡಬೇಕು. ದೊಡ್ಡ ಜೆಟ್ ಎಂಜಿನ್‌ಗಳಲ್ಲೂ ಕಂಪ್ಯೂಟರ್‌ಗೆಂದೇ ಪ್ರತ್ಯೇಕ ಕಾಯಂ ಅಯಸ್ಕಾಂತದ ಆಲ್ಟರ್ನೇಟರ್ ಇರುವುದು ಇದೇ ಕಾರಣಕ್ಕೆ.

ನಮ್ಮ ಬೆಂಗಳೂರಿನ ಸಿಎಸ್‌ಐಆರ್-ಎನ್‌ಎಎಲ್ ಸಂಸ್ಥೆಯ ಹಂಸ-ಎನ್‌ಜಿ ವಿಮಾನ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿಗೆ ಹಾರಿದ್ದು ಈ 912 ಐಎಸ್ ಬಳಗದ ಎಂಜಿನ್‌ನಿಂದಲೇ. ಹಿಂದಿನ ಹಂಸ-3ರಲ್ಲಿ ಟರ್ಬೊ ಇರುವ ರೋಟಾಕ್ಸ್ 914 ಇತ್ತು. ಅದು ಕಾರ್ಬ್ಯುರೇಟರ್ ಎಂಜಿನ್, ಇಗ್ನಿಷನ್ ಸ್ವತಂತ್ರ, ಆದರೂ ಅದರ ಇಂಧನ ಪಂಪುಗಳು ವಿದ್ಯುತ್ತಿನವು. ಕಾರ್ಬ್ಯುರೇಟರ್ ಇದ್ದ ಮಾತ್ರಕ್ಕೆ ವಿದ್ಯುತ್ತಿನ ಹಂಗಿಲ್ಲ ಎಂದು ಯಾರೂ ಭಾವಿಸಬಾರದು.

ನೀವು ನೋಡಿರುವ ವಿಮಾನದಲ್ಲಿ ಆಲ್ಟರ್ನೇಟರ್ ಒಂದೇ ಎಂದಿರಿ. ನನ್ನ ಮೊದಲ ಸಲಹೆ ಎರಡು ಜನರೇಟರ್ ಇರುವ ಎಂಜಿನ್ ತೆಗೆದುಕೊಳ್ಳಿ ಎಂಬುದು. ಬೆಲೆಯ ಕಾರಣಕ್ಕೆ ಅದು ಆಗದಿದ್ದರೆ, ಬ್ಯಾಕಪ್ ಬ್ಯಾಟರಿಯೇ ನಿಮ್ಮ ಎರಡನೆಯ ಮತ್ತು ಕೊನೆಯ ಆಸರೆ ಎಂದು ತಿಳಿದು ಯೋಜಿಸಬೇಕು.

ಸಿದ್ದಾಪುರ_ತೋಟ

ಇಷ್ಟು ಕಷ್ಟಪಡುವ ಬದಲು ಈಗಿರುವ ಬ್ಯಾಟರಿಯ ಜಾಗದಲ್ಲಿ ದೊಡ್ಡ ಲಿಥಿಯಂ ಬ್ಯಾಟರಿ ಹಾಕಿದರೆ ಆಗದೇ? ತೂಕ ಕಡಿಮೆ, ಸಾಮರ್ಥ್ಯ ಹೆಚ್ಚು. ಆಲ್ಟರ್ನೇಟರ್ ಹೋದರೂ ಒಂದು ಗಂಟೆ ಓಡುತ್ತದೆ. ಇರುವ ವೈರಿಂಗ್ ಮುಟ್ಟಬೇಕಾಗಿಲ್ಲ.

ವಿರಾಜಪೇಟೆ_ಮಾಜಿ_ವಾಯುಸೈನಿಕ

ಆಗುವುದಿಲ್ಲ. ಏಕೆಂಬುದಕ್ಕೆ 2007ರ ಮಾರ್ಚ್ 4ರಂದು ಜರ್ಮನಿಯ ಶ್ಪೈಯರ್‌ನಲ್ಲಿ ನಡೆದ ಘಟನೆಯನ್ನು ಗಮನಿಸಿ. ಅದು ಡೈಮಂಡ್ ಡಿಎ 42 ಎಂಬ ಎರಡು ಡೀಸೆಲ್ ಎಂಜಿನ್‌ಗಳ ವಿಮಾನ. ನಮ್ಮ ದೇಶದ ತರಬೇತಿ ಶಾಲೆಗಳಲ್ಲೂ ಈ ಮಾದರಿಯ ವಿಮಾನಗಳಿವೆ. ಡೀಸೆಲ್ ಆದ್ದರಿಂದ ಸ್ಪಾರ್ಕ್ ಬೇಡ, ಆದರೆ ಇಂಜೆಕ್ಷನ್ನನ್ನೂ ಪ್ರೊಪೆಲರ್‌ನ ಕೋನವನ್ನೂ ನಡೆಸುವುದು ಕಂಪ್ಯೂಟರ್. ಅಂದು ಅದರ ಬ್ಯಾಟರಿ ಇಳಿದುಹೋಗಿತ್ತು. ಹೊರಗಿನ ವಿದ್ಯುತ್ತಿನ ನೆರವಿನಿಂದ ಎಂಜಿನ್ ಚಾಲೂ ಮಾಡಿ, ಬ್ಯಾಟರಿ ತುಂಬುವ ಮೊದಲೇ ವಿಮಾನ ಹೊರಟಿತು. ನೆಲ ಬಿಟ್ಟ ಕೂಡಲೇ ಪೈಲಟ್ ಚಕ್ರಗಳನ್ನು ಒಳಗೆಳೆಯುವ ಲಿವರ್ ಎತ್ತಿದಾಗ ಅದರ ಪಂಪು ಒಮ್ಮೆಲೇ ಬಹಳ ವಿದ್ಯುತ್ ಎಳೆಯಿತು. ಆ ಹೊಡೆತವನ್ನು ತಡೆದುಕೊಳ್ಳುವ ಬ್ಯಾಟರಿ ಇರಲಿಲ್ಲ. ವೋಲ್ಟೇಜ್ ಕ್ಷಣಮಾತ್ರ ಕುಸಿಯಿತು, ಇಸಿಯುಗಳು ರೀಸೆಟ್ ಆದವು, ಪ್ರೊಪೆಲರ್‌ಗಳು ಫೆದರ್ ಸ್ಥಿತಿಗೆ (ಅಲಗುಗಳು ಗಾಳಿಯ ದಿಕ್ಕಿಗೆ ತಿರುಗಿ ಎಳೆತವಿಲ್ಲದ ಸ್ಥಿತಿಗೆ) ಹೋದವು, ಎರಡೂ ಎಂಜಿನ್‌ಗಳು ಒಟ್ಟಿಗೇ ನಿಂತವು. ಒಳಗಿದ್ದವರು ಬದುಕಿದರು. ಬಳಿಕ ಯುರೋಪಿನ ಮತ್ತು ಅಮೆರಿಕದ ವಾಯುಯಾನ ಪ್ರಾಧಿಕಾರಗಳು ಈ ವಿಮಾನಗಳ ಇಸಿಯುಗಳಿಗೆ ಹೆಚ್ಚುವರಿ ಬ್ಯಾಟರಿಯನ್ನು ಕಡ್ಡಾಯ ಮಾಡಿದವು.

ಎಂಜಿನ್ ಎರಡಿತ್ತು, ಆಲ್ಟರ್ನೇಟರ್ ಎರಡಿತ್ತು, ಯಾವುದೂ ಕೆಟ್ಟಿರಲಿಲ್ಲ. ಎಲ್ಲವೂ ಸೇರುತ್ತಿದ್ದ ಒಂದೇ ಜಾಗದಲ್ಲಿ ವೋಲ್ಟೇಜ್ ಕುಸಿದದ್ದಕ್ಕೇ ಎರಡೂ ನಿಂತವು. ನಿಮ್ಮ ದೊಡ್ಡ ಬ್ಯಾಟರಿಯೂ ಅದೇ ಮಾಸ್ಟರ್ ರಿಲೇ, ಅದೇ ದಪ್ಪ ವೈರ್, ಅದೇ ಅರ್ತ್ ಮೂಲಕ ಹಾದುಹೋಗುತ್ತದೆ. ರಿಲೇಯ ಕಾಯಿಲ್ ಸುಟ್ಟರೆ ಬ್ಯಾಟರಿ ತುಂಬಿದ್ದೂ ಪ್ರಯೋಜನವಿಲ್ಲ. ಇನ್ನು ತೋಟದ ಜೀಪನ್ನು ಜಂಪರ್ ಕೇಬಲ್ ಹಾಕಿ ಚಾಲೂ ಮಾಡುವುದು ನಮಗೆಲ್ಲ ರೂಢಿ. ಇಂಜೆಕ್ಷನ್ ಎಂಜಿನ್‌ನ ವಿಮಾನವನ್ನು ಹಾಗೆ ಚಾಲೂ ಮಾಡಿ ಹಾರಿಸುವಂತಿಲ್ಲ ಎಂಬುದನ್ನು ನಿಮ್ಮ ತಂಡದ ನಿಯಮಗಳಲ್ಲಿ ಬರೆದಿಡಿ.

ಕುಶಾಲನಗರ_ವೈರಿಂಗ್

ನಾನು ವಿಮಾನದವನಲ್ಲ, ಮನೆ ಮತ್ತು ತೋಟಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಬ್ಯಾಟರಿಯ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟ್ ಬಾರದ ಈ ಜಿಲ್ಲೆಯಲ್ಲಿ ಯುಪಿಎಸ್ ಇಲ್ಲದ ಮನೆ ಕಡಿಮೆ. ಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸುವ ಬ್ಯಾಟರಿ, ನಾಲ್ಕು ಲೈಟು ಹಾಕಿದ ಹತ್ತೇ ನಿಮಿಷಕ್ಕೆ ಕೂಗತೊಡಗುವುದನ್ನು ಎಲ್ಲರೂ ಕಂಡಿರುತ್ತಾರೆ. ವಿಮಾನದ ಬ್ಯಾಕಪ್ ಬ್ಯಾಟರಿಯೂ ಅದೇ ಜಾತಿಯದು. ಲೋಡ್ ಕೊಡದೆ ಅಳೆದ ವೋಲ್ಟೇಜ್ ಅದರ ಆರೋಗ್ಯವನ್ನು ಹೇಳುವುದಿಲ್ಲ.

ಬ್ಯಾಟರಿಯ ಮೇಲೆ ಬರೆದಿರುವ ಎ.ಎಚ್. (ಆಂಪಿಯರ್-ಗಂಟೆ, ಅಂದರೆ ಸಾಮರ್ಥ್ಯದ) ಅಂಕಿಯನ್ನೂ ಹಾಗೆಯೇ ನಂಬಬಾರದು. ಸಣ್ಣ ಸೀಲ್ಡ್ ಲೆಡ್ ಬ್ಯಾಟರಿಗಳ ಅಂಕಿಯನ್ನು ಸಾಮಾನ್ಯವಾಗಿ 20 ಗಂಟೆಗಳ ನಿಧಾನದ ಬಳಕೆಗೆ ಲೆಕ್ಕ ಹಾಕಿರುತ್ತಾರೆ. ಕಂಪ್ಯೂಟರ್ ಯುಪಿಎಸ್‌ನಲ್ಲಿರುವಂಥ 7 ಎ.ಎಚ್. ಬ್ಯಾಟರಿಯಿಂದ 10 ಆಂಪಿಯರ್ ಎಳೆದರೆ ಕಾಗದದ ಲೆಕ್ಕದಲ್ಲಿ 42 ನಿಮಿಷ ಬರಬೇಕು. ನಿಜದಲ್ಲಿ ಹೊಸ ಬ್ಯಾಟರಿಗೂ ಅರ್ಧ ಗಂಟೆ ತುಂಬುವುದಿಲ್ಲ, ಹಳತಾದರೆ ಇನ್ನೂ ಕಡಿಮೆ. ಬಿಸಿಯಲ್ಲಿ ಇಟ್ಟ ಬ್ಯಾಟರಿಯ ಆಯುಷ್ಯ ಬೇಗ ಕರಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನವರ ಲೆಕ್ಕ. ಎಂಜಿನ್ ಪಕ್ಕದಲ್ಲಿ ಅದನ್ನು ಇಡಬೇಡಿ.

ಪರೀಕ್ಷೆಗೆ ದುಬಾರಿ ಯಂತ್ರ ಬೇಕಾಗಿಲ್ಲ. ಕಾರಿನ 55 ವ್ಯಾಟ್ ಹ್ಯಾಲೊಜನ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಎರಡು ಬಲ್ಬುಗಳನ್ನು ಪ್ಯಾರಲಲ್ ಆಗಿ ಹಾಕಿದರೆ ಹೆಚ್ಚುಕಡಿಮೆ ನಿಮ್ಮ ಎಂಜಿನ್‌ನಷ್ಟೇ ಲೋಡ್. ತುಂಬಿದ ಬ್ಯಾಟರಿಗೆ ಅವನ್ನು ಜೋಡಿಸಿ, ಗಡಿಯಾರ ನೋಡುತ್ತಾ ಐದು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದುಕೊಳ್ಳಿ, 11 ವೋಲ್ಟಿಗೆ ಇಳಿದಾಗ ನಿಲ್ಲಿಸಿ. ಬಲ್ಬು ಬಹಳ ಬಿಸಿಯಾಗುತ್ತದೆ, ಇಂಧನದಿಂದ ದೂರವಿರುವ ಕಡೆ ಸಿಮೆಂಟ್ ನೆಲದ ಮೇಲಿಟ್ಟು ಮಾಡಿ. ಬಂದ ನಿಮಿಷಗಳನ್ನು ತಾರೀಖಿನೊಂದಿಗೆ ಬ್ಯಾಟರಿಯ ಮೇಲೇ ಬರೆದು ಅಂಟಿಸಿ.

ಅರ್ತ್‌ನ ಮಾತು. ಎಂಜಿನ್‌ನ ಎಲ್ಲ ಲೋಡ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಎಂಜಿನ್‌ನ ಲೋಹದ ಮೈಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತಿ ಹಿಡಿದು ನೋಡಿ. ಒಳ್ಳೆಯ ಅರ್ತ್‌ನಲ್ಲಿ ಕೆಲವೇ ಮಿಲಿವೋಲ್ಟ್‌ಗಳಿಂದ ಹೆಚ್ಚೆಂದರೆ 50 ಮಿಲಿವೋಲ್ಟ್ ಇರಬೇಕು. 200 ದಾಟಿದರೆ ಬಿಚ್ಚಿ ನೋಡಲೇಬೇಕು. ಹೊರಗಿನಿಂದ ಚೆನ್ನಾಗಿ ಕಾಣುವ, ತಂತಿಯಿಂದ ಹೆಣೆದ ಅರ್ತ್ ಪಟ್ಟಿಯ ತುದಿಯಲ್ಲಿ, ಬೋಲ್ಟಿಗೆ ಸಿಕ್ಕಿಸುವ ಲಗ್ಗಿನ ಮೇಲೆ ಹಾಕಿದ ಕಪ್ಪು ಸ್ಲೀವ್ ಕೊಯ್ದಾಗ, ಒಳಗೆ ಹಸಿರು ಪುಡಿ ತುಂಬಿ ತಂತಿಯ ಎಳೆಗಳು ಉಗುರಿನಲ್ಲಿ ಮುಟ್ಟಿದರೆ ಉದುರುವ ಸ್ಥಿತಿಗೆ ಬಂದಿರುವುದನ್ನು ಇಲ್ಲಿನ ಜನರೇಟರ್‌ಗಳಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಎರಡು ಬ್ಯಾಟರಿಗಳೂ ಅಂಥ ಒಂದೇ ಪಟ್ಟಿಯ ಮೂಲಕ ಮರಳುವುದಾದರೆ ಎರಡನೆಯ ಬ್ಯಾಟರಿ ಇದ್ದೂ ಇಲ್ಲದಂತೆ.

ಸಿದ್ದಾಪುರ_ತೋಟ

ಒಪ್ಪಿದೆ. ಬೇರೆ ದಾರಿಯನ್ನೇ ಮಾಡೋಣ. ಆದರೆ ಆ ಎರಡನೆಯ ಬ್ಯಾಟರಿಯಾದರೂ ಲಿಥಿಯಂ ಇರಬಹುದಲ್ಲವೇ? ಎರಡು ಜನ ಕೂತು ಟ್ಯಾಂಕ್ ತುಂಬಿಸಿದರೆ ಒಂದೊಂದು ಕಿಲೋಗೂ ಲೆಕ್ಕ ನೋಡಬೇಕಾಗುತ್ತದೆ.

ಜಕ್ಕೂರು_ಹ್ಯಾಂಗರ್

ಇರಬಹುದು, ಆದರೆ ನಾಲ್ಕು ವಿಷಯಗಳನ್ನು ತಿಳಿದಿರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದನ್ನೇ ಆರಿಸಬೇಕು. ಆಟಿಕೆ ಡ್ರೋನ್‌ಗಳಲ್ಲಿ ಬಳಸುವ ಬಗೆಯದು ಬಿಸಿಗೆ, ಪೆಟ್ಟಿಗೆ ಹೊತ್ತಿಕೊಳ್ಳುವ ಅಪಾಯ ಹೆಚ್ಚು. ಲಿಥಿಯಂ ಬ್ಯಾಟರಿಯೊಳಗಿನ ಬಿಎಂಎಸ್ (ಕಾವಲು ಸರ್ಕ್ಯೂಟ್) ತನ್ನ ಸೆಲ್‌ಗಳನ್ನು ಕಾಪಾಡಲು ಯಾವ ಮುನ್ಸೂಚನೆಯೂ ಇಲ್ಲದೆ ಸಂಪರ್ಕ ಕಡಿದುಬಿಡಬಲ್ಲದು. ಅದಕ್ಕೆ ಬೇಕಾದದ್ದು ಬ್ಯಾಟರಿಯ ಕ್ಷೇಮ, ನಿಮಗೆ ಬೇಕಾದದ್ದು ಎಂಜಿನ್‌ನ ಕ್ಷೇಮ, ಇವೆರಡೂ ಆ ಗಳಿಗೆಯಲ್ಲಿ ಒಂದೇ ಆಗಿರುವುದಿಲ್ಲ. ಪೂರ್ತಿ ಇಳಿದ ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಸಣ್ಣ ಆಲ್ಟರ್ನೇಟರ್ ತಡೆಯಲಾರದಷ್ಟು ಕರೆಂಟ್ ಎಳೆಯುತ್ತದೆ, ಆದ್ದರಿಂದ ನಡುವೆ ಮಿತಿ ಹಾಕುವ ಚಾರ್ಜರ್ ಬೇಕು.

ನಾಲ್ಕನೆಯದನ್ನು ಬಹಳ ಜನ ಯೋಚಿಸುವುದಿಲ್ಲ. ಲೆಡ್ ಬ್ಯಾಟರಿ ತುಂಬಿದಾಗ ಸುಮಾರು 12.7 ವೋಲ್ಟಿನಲ್ಲಿ ನಿಲ್ಲುತ್ತದೆ, ಲಿಥಿಯಂ ಐರನ್ ಫಾಸ್ಫೇಟ್ 13.2ರಿಂದ 13.3ರಲ್ಲಿ. ಮುಖ್ಯ ಬ್ಯಾಟರಿ ಲೆಡ್, ಬ್ಯಾಕಪ್ ಲಿಥಿಯಂ ಆಗಿದ್ದು, ಎರಡನ್ನೂ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ ಎಂಜಿನ್ ಬಸ್ಸಿಗೆ (ಎಂಜಿನ್‌ನ ಉಪಕರಣಗಳಿಗೆಲ್ಲ ವಿದ್ಯುತ್ ಹಂಚುವ ಪಟ್ಟಿಗೆ) ಸೇರಿಸಿದರೆ, ಆಲ್ಟರ್ನೇಟರ್ ನಿಂತ ಕ್ಷಣದಿಂದ ಹೆಚ್ಚು ವೋಲ್ಟೇಜಿನ ಬ್ಯಾಕಪ್ ಬ್ಯಾಟರಿಯೇ ಮೊದಲು ಖಾಲಿಯಾಗತೊಡಗುತ್ತದೆ. ಕೊನೆಗೆಂದು ಇಟ್ಟದ್ದು ಮೊದಲೇ ಮುಗಿಯುತ್ತದೆ. ಕಡಿಮೆ ವೋಲ್ಟೇಜಿನ ಎಚ್ಚರಿಕೆ ದೀಪಕ್ಕೂ ಇದೇ ತೊಡಕು. ಲೆಡ್ ಬ್ಯಾಟರಿಯಿದ್ದರೆ ಆ ದೀಪವನ್ನು 13.0 ವೋಲ್ಟಿಗೆ ಇಡುವುದು ರೂಢಿ, ಆಲ್ಟರ್ನೇಟರ್ ನಿಂತ ಸ್ವಲ್ಪ ಹೊತ್ತಿನಲ್ಲೇ ಅದು ಹೊತ್ತಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿ ಬಹಳ ಹೊತ್ತು 13ರ ಆಸುಪಾಸಿನಲ್ಲೇ ನಿಲ್ಲುವುದರಿಂದ ಅದೇ ದೀಪ ತಡವಾಗಿ ಹೊತ್ತಬಹುದು. ಮೊದಲ ಸಲ ಮಾಡುತ್ತಿರುವ ನಿಮಗೆ ನನ್ನ ಅಭಿಪ್ರಾಯ, ಎರಡೂ ಲೆಡ್ ಇರಲಿ.

ಮೈಸೂರು_ತರಬೇತುದಾರ್ತಿ

ಇಷ್ಟು ಹೊತ್ತು ಆಂಪಿಯರ್‌ಗಳ ಮಾತಾಯಿತು. ಹಾರಿಸುವವರ ಕಡೆಯಿಂದ ನಿಮಿಷಗಳ ಲೆಕ್ಕ ನೋಡೋಣ. ಸಣ್ಣ ವಿಮಾನಗಳ ವಿನ್ಯಾಸಕ್ಕೆ ಅನ್ವಯಿಸುವ ಅಮೆರಿಕದ ಪಾರ್ಟ್ 23 ನಿಯಮಗಳಲ್ಲಿ, ವಿದ್ಯುತ್ ಉತ್ಪಾದನೆ ನಿಂತಾಗ ಸುರಕ್ಷಿತವಾಗಿ ಹಾರಿ ಇಳಿಯಲು ಅಗತ್ಯವಾದ ಲೋಡ್‌ಗಳಿಗೆ ಬ್ಯಾಟರಿ ಕನಿಷ್ಠ 30 ನಿಮಿಷ ವಿದ್ಯುತ್ ಕೊಡಬೇಕೆಂಬ ಅಳತೆ ಬಹುಕಾಲ ಇತ್ತು. ಆ ಅರ್ಧ ಗಂಟೆ ನಿಮ್ಮ ದಾರಿಗೆ ಸಾಕೇ ಎಂಬುದನ್ನು ನಕ್ಷೆ ಹರಡಿ ನೋಡಬೇಕು. ಪೊನ್ನಂಪೇಟೆಯಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ನೇರ ದೂರ 75ರಿಂದ 80 ಕಿಲೋಮೀಟರ್, ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ. ನಡುದಾರಿಯಲ್ಲಿ ತೊಂದರೆಯಾದರೆ ಯಾವ ಕಡೆಗೆ ತಿರುಗಿದರೂ ಕಾಲು ಗಂಟೆ. ಅದರ ಮೇಲೆ ಎದುರುಗಾಳಿ, ದೀಪವನ್ನು ಗಮನಿಸಲು ಹಿಡಿದ ಸಮಯ, ಇಳಿಯಲು ಸರದಿ ಕಾಯಬೇಕಾದ ಸಮಯ. ನನ್ನ ಲೆಕ್ಕದಲ್ಲಿ ಬ್ಯಾಟರಿ ಬದಲಿಸುವ ದಿನಕ್ಕೂ 45 ನಿಮಿಷ ಉಳಿದಿರಬೇಕು.

ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದೂ ಸ್ಪಷ್ಟವಿರಲಿ. ನೆಲದಿಂದ 3,000 ಅಡಿ ಮೇಲೆ ಎಂಜಿನ್ ನಿಂತರೆ, ಒಂದು ಅಡಿ ಇಳಿಯುವಷ್ಟರಲ್ಲಿ ಒಂಬತ್ತು ಅಡಿ ಸಾಗುವ ವಿಮಾನ ಸುಮಾರು 8 ಕಿಲೋಮೀಟರ್ ಹೋಗಬಲ್ಲದು, ಕೈಯಲ್ಲಿರುವುದು ಐದಾರು ನಿಮಿಷ. ಗೋಣಿಕೊಪ್ಪದ ಸುತ್ತ ಆ ಅಂತರದಲ್ಲಿ ಗದ್ದೆ ಸಿಗಬಹುದು. ತಿತಿಮತಿ ದಾಟಿ ಆನೆಚೌಕೂರಿನ ಕಡೆಗೆ ಹೋದ ಮೇಲೆ ಕೆಳಗೆ ಕಾಡಲ್ಲದೆ ಬೇರೇನಿಲ್ಲ, ಮಾಕುಟ್ಟದ ಘಟ್ಟದ ಕಡೆಯೂ ಹಾಗೆಯೇ.

45 ನಿಮಿಷಕ್ಕೆ 10 ಆಂಪಿಯರ್ ಎಂದರೆ 7.5 ಎ.ಎಚ್. ಹಳತಾದ ಬ್ಯಾಟರಿಯಲ್ಲಿ ಶೇ. 80 ಉಳಿದಿದೆ ಎಂದುಕೊಳ್ಳಿ. ಇಷ್ಟು ವೇಗದ ಬಳಕೆಯಲ್ಲಿ ಲೆಡ್ ಬ್ಯಾಟರಿ ತನ್ನ ಅಂಕಿಯ ಮೂರನೇ ಎರಡರಷ್ಟನ್ನೂ ಪೂರ್ತಿ ಕೊಡುವುದಿಲ್ಲ. ಎರಡನ್ನೂ ಹಿಡಿದರೆ 15 ಎ.ಎಚ್. ದಾಟುತ್ತದೆ, ಹಾಗಾಗಿ 18 ಎ.ಎಚ್. ತೆಗೆದುಕೊಳ್ಳಬೇಕು. ತೂಕ ಸುಮಾರು 5.5 ಕಿಲೋ.

ಉಳಿದ ಪ್ರಶ್ನೆ, ಬ್ಯಾಕಪ್ ತಾನಾಗಿ ಸೇರಿಕೊಳ್ಳಬೇಕೇ ಅಥವಾ ಪೈಲಟ್ ಸ್ವಿಚ್ ಹಾಕಬೇಕೇ ಎಂಬುದು. ನಾನು ಸ್ವಿಚ್ಚಿನ ಪಕ್ಷ. ಡಯೋಡ್ ಮೂಲಕ ತಾನಾಗಿ ಸೇರಿಕೊಂಡರೆ ಎಂಜಿನ್ ತಡವರಿಸುವುದೇ ಇಲ್ಲ, ಆದ್ದರಿಂದ ಮುಖ್ಯ ವಿದ್ಯುತ್ ಹೋಗಿರುವುದು ಪೈಲಟ್‌ನ ಅರಿವಿಗೇ ಬರುವುದಿಲ್ಲ. ಬ್ಯಾಕಪ್ ಸದ್ದಿಲ್ಲದೆ ಖಾಲಿಯಾಗಿ, ಕಾಡಿನ ಮಧ್ಯದಲ್ಲಿ ಎಂಜಿನ್ ನಿಲ್ಲುವಾಗಲೇ ವಿಷಯ ತಿಳಿಯುವಂತಾಗಬಾರದು.

ಪೊನ್ನಂಪೇಟೆ_ಬೈಲು

ಮೇಡಂ, ತಮ್ಮ ಮಾತು ಅರ್ಥವಾಯಿತು. ಆದರೆ ನಮ್ಮ ರನ್‌ವೇಯ ತುದಿಯಲ್ಲಿ ತೋಟ ಶುರುವಾಗುತ್ತದೆ. ನೆಲ ಬಿಟ್ಟು 200 ಅಡಿ ಏರಿದಾಗ ಮುಖ್ಯ ವಿದ್ಯುತ್ ಹೋದರೆ, ಮೂಗನ್ನು ತಗ್ಗಿಸಿ ವೇಗ ಉಳಿಸಿಕೊಳ್ಳುವುದು ಮೊದಲ ಕೆಲಸ. ಆ ನಾಲ್ಕೈದು ಸೆಕೆಂಡಿನಲ್ಲಿ ಮುಚ್ಚಳ ಎತ್ತಿ ಸ್ವಿಚ್ ಹಾಕುವುದು, ಪಂಪು ಒತ್ತಡ ಕಟ್ಟುವುದು, ಎಂಜಿನ್ ಮತ್ತೆ ಹಿಡಿಯುವುದು ಇವೆಲ್ಲ ಆಗುತ್ತವೆ ಎಂಬ ಭರವಸೆ ನನಗಿಲ್ಲ.

ವಿರಾಜಪೇಟೆ_ಮಾಜಿ_ವಾಯುಸೈನಿಕ

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ನಾನು ತಾನಾಗಿ ಸೇರಿಕೊಳ್ಳುವ ವ್ಯವಸ್ಥೆಯ ಕಡೆಗೆ ನಿಲ್ಲುತ್ತೇನೆ. ಪೈಲಟ್‌ಗೆ ತಿಳಿಯದೇ ಹೋಗುವ ತೊಂದರೆಯನ್ನು ದೀಪ ಮತ್ತು ಬಜರ್ ಹಾಕಿ ಪರಿಹರಿಸಬಹುದು. 200 ಅಡಿಯಲ್ಲಿ ಸಮಯವಿಲ್ಲದ ತೊಂದರೆಯನ್ನು ಯಾವ ದೀಪವೂ ಪರಿಹರಿಸಲಾರದು. ಎರಡು ಬ್ಯಾಟರಿಗಳಿಂದ ಎರಡು ಪ್ರತ್ಯೇಕ ಡಯೋಡ್‌ಗಳ ಮೂಲಕ ಎಂಜಿನ್ ಬಸ್ಸಿಗೆ ವಿದ್ಯುತ್ ಬರಲಿ. ಮಾಮೂಲಿ ಸಿಲಿಕಾನ್ ಡಯೋಡ್ ಸುಮಾರು 0.7 ವೋಲ್ಟ್ ತಿನ್ನುತ್ತದೆ, ಷಾಟ್ಕಿ ಡಯೋಡ್ ಅದಕ್ಕಿಂತ ಕಡಿಮೆ. ಷಾಟ್ಕಿಯನ್ನೇ ಬಳಸಿ, ಲೋಡಿನ ಹಲವು ಪಟ್ಟು ತಡೆಯುವಂಥದ್ದನ್ನು ಹೀಟ್ ಸಿಂಕ್ ಮೇಲೆ ಕೂರಿಸಿ.

ಎಂಜಿನ್ ಬಸ್ಸಿಗೆ ಬರುವ ವಿದ್ಯುತ್ ಮಾಸ್ಟರ್ ರಿಲೇಯನ್ನು ಹಾದು ಬರಬಾರದು ಎಂಬುದನ್ನು ಮತ್ತೆ ಹೇಳುತ್ತೇನೆ. ಕಾಕ್‌ಪಿಟ್‌ನಲ್ಲಿ ಸುಟ್ಟ ವಾಸನೆ ಬಂದರೆ ಎಲ್ಲರಿಗೂ ಕಲಿಸಿರುವ ಮೊದಲ ಕೆಲಸ ಮಾಸ್ಟರ್ ಆಫ್ ಮಾಡುವುದು. ಕೈ ಅಭ್ಯಾಸಬಲದಿಂದ ಅಲ್ಲಿಗೇ ಹೋಗುತ್ತದೆ. ಹಾಗೆ ಮಾಡಿದಾಗ ಎಂಜಿನ್ ನಿಲ್ಲಬಾರದು. ಎಂಜಿನ್‌ನ ಎರಡು ದಾರಿಗಳಿಗೆ ಎರಡು ಬೇರೆ ಸ್ವಿಚ್ ಇರಲಿ, ಆಕಾರ ಮತ್ತು ಜಾಗ ಎರಡರಲ್ಲೂ ಮಾಸ್ಟರ್‌ಗಿಂತ ಭಿನ್ನವಾಗಿರಲಿ.

ಮೈಸೂರು_ತರಬೇತುದಾರ್ತಿ

ರನ್‌ವೇಯ ತುದಿಯ ವಿಚಾರವನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ನಿಮ್ಮ ಜಾಗಕ್ಕೆ ಡಯೋಡ್ ವ್ಯವಸ್ಥೆಯೇ ಸರಿ. ಎರಡು ಷರತ್ತುಗಳನ್ನು ಸೇರಿಸುತ್ತೇನೆ. ಎಚ್ಚರಿಕೆಯ ದೀಪ ಕಣ್ಣಿನ ನೇರಕ್ಕೆ ಇರಬೇಕು, ಬಜರ್ ಹೆಡ್‌ಸೆಟ್ಟಿನಲ್ಲಿ ಕೇಳಿಸಬೇಕು. ಮತ್ತು ಪ್ರತಿ ಹಾರಾಟದ ಮೊದಲು, ಹಿಂದೆ ಮ್ಯಾಗ್ನೆಟೊ ಒಂದೊಂದನ್ನೇ ಆಫ್ ಮಾಡಿ ನೋಡುತ್ತಿದ್ದ ಹಂತದಲ್ಲಿ, ಮುಖ್ಯ ದಾರಿಯ ಸ್ವಿಚ್ ಆಫ್ ಮಾಡಿ ಬ್ಯಾಕಪ್ ಒಂದರಿಂದಲೇ ಒಂದು ನಿಮಿಷ ಎಂಜಿನ್ ಓಡಿಸಬೇಕು, ವೋಲ್ಟೇಜ್ ಓದಿ ಬರೆದುಕೊಳ್ಳಬೇಕು, ಆಮೇಲೆ ಬ್ಯಾಕಪ್ ಆಫ್ ಮಾಡಿ ಮುಖ್ಯ ದಾರಿಯನ್ನು ನೋಡಬೇಕು. ಎರಡೂ ಆನ್ ಆಗಿವೆ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಥ್ರಾಟಲ್ ಮುಂದೆ ತಳ್ಳಬೇಕು.

ಹಾರಾಟದಲ್ಲಿ ದೀಪ ಹೊತ್ತಿದರೆ ಚಾರ್ಜರ್, ಲ್ಯಾಂಡಿಂಗ್ ಲೈಟ್, ಎರಡನೆಯ ಪರದೆ ಇವನ್ನೆಲ್ಲ ಆರಿಸಿ, ಗಡಿಯಾರ ನೋಡಿ, ಹತ್ತಿರದ ಇಳಿದಾಣಕ್ಕೆ ತಿರುಗುವುದು. ಮನೆಗೆ ಇನ್ನು ಸ್ವಲ್ಪವೇ ದೂರ ಎಂದು ಅದನ್ನು ದಾಟಿ ಮುಂದೆ ಹೋಗುವಂತಿಲ್ಲ.

ಕುಶಾಲನಗರ_ವೈರಿಂಗ್

ಮಳೆಗಾಲದ ಬಗ್ಗೆ ಯಾರೂ ಬರೆದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನ ಶೆಡ್ಡಿನಲ್ಲೇ ನಿಂತಿರುತ್ತದೆ ಅಲ್ಲವೇ? ಲೆಡ್ ಬ್ಯಾಟರಿ ಚಾರ್ಜ್ ಇಲ್ಲದೆ ನಾಲ್ಕು ತಿಂಗಳು ಕೂತರೆ ಪ್ಲೇಟುಗಳಿಗೆ ಸಲ್ಫೇಟ್ ಹಿಡಿದು ಸಾಮರ್ಥ್ಯ ಮರಳಿ ಬರುವುದಿಲ್ಲ. ಎರಡನ್ನೂ ಬಿಚ್ಚಿ ಮನೆಗೆ ತಂದು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಡಿ. ಶೆಡ್ಡಿನಲ್ಲಿ ಉಳಿದ ವಿಮಾನದ ಕನೆಕ್ಟರ್‌ಗಳಿಗೆ ತೇವ ಹಿಡಿಯುತ್ತದೆ, ಇಲಿಗಳು ವೈರಿನ ಪ್ಲಾಸ್ಟಿಕ್ ಕಡಿಯುತ್ತವೆ. ಅಕ್ಟೋಬರ್‌ನಲ್ಲಿ ಹಾರುವ ಮೊದಲು ಇಸಿಯು ಮತ್ತು ಪಂಪಿನ ಪ್ರತಿಯೊಂದು ಕನೆಕ್ಟರ್ ಬಿಚ್ಚಿ ನೋಡಿ, ವೈರಿನ ಕಟ್ಟನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ, ಬಲ್ಬಿನ ಪರೀಕ್ಷೆ ಮತ್ತು ಅರ್ತ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಎರಡು ಪಂಪುಗಳು ಒಂದೇ ಫ್ಯೂಸಿನ ಹಿಂದೆ ಇವೆಯೇ ಎಂಬುದನ್ನೂ ಕೊಳ್ಳುವ ಮುನ್ನವೇ ನೋಡಿಕೊಳ್ಳಿ.

ಪೊನ್ನಂಪೇಟೆ_ಬೈಲು

ನಿನ್ನೆ ಹೋಗಿ ವಿಮಾನವನ್ನು ಮತ್ತೆ ನೋಡಿ ಬಂದೆವು. ಪಂಪುಗಳಿಗೆ ಬೇರೆ ಬೇರೆ ಫ್ಯೂಸ್ ಇವೆ, ಆದರೆ ಎರಡು ಇಸಿಯುಗಳ ಅರ್ತ್ ವೈರ್‌ಗಳು ಫೈರ್‌ವಾಲ್‌ನ (ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಬೆಂಕಿ ತಡೆಯುವ ಗೋಡೆಯ) ಒಂದೇ ಬೋಲ್ಟಿಗೆ ಬಂದು ಸೇರಿವೆ, ಎಂಜಿನ್‌ನ ಇಡೀ ವಿದ್ಯುತ್ ಮಾಸ್ಟರ್ ರಿಲೇಯ ಮೂಲಕವೇ ಬರುತ್ತದೆ. ಎರಡು ಜನರೇಟರ್‌ಗಳ ಎಂಜಿನ್ ನಮ್ಮ ಕೈಗೆ ಎಟುಕುವ ಬೆಲೆಯಲ್ಲಿಲ್ಲ. ಆದ್ದರಿಂದ ಈ ವಿಮಾನವನ್ನೇ ಕೊಂಡು, ಹಾರಿಸುವ ಮೊದಲು ಹೀಗೆ ಮಾಡುವುದೆಂದು ನಮ್ಮ ತಂಡ ತೀರ್ಮಾನಿಸಿದೆ. ಆಸನದ ಹಿಂದೆ 18 ಎ.ಎಚ್. ಲೆಡ್ ಬ್ಯಾಟರಿ, ಪ್ರತಿ ಬ್ಯಾಟರಿಯಿಂದ ನೇರವಾಗಿ ಎಂಜಿನ್ ಬಸ್ಸಿಗೆ ಒಂದೊಂದು ಡಯೋಡ್ ಮತ್ತು ಒಂದೊಂದು ಸ್ವಿಚ್, ಎರಡನೆಯ ಇಸಿಯುಗೆ ಬೇರೆ ಅರ್ತ್ ಬೋಲ್ಟ್, ಎಂಜಿನ್‌ನಿಂದ ಎರಡು ಹೆಣೆದ ಪಟ್ಟಿಗಳು, 13.0 ವೋಲ್ಟಿಗೆ ಹೊತ್ತುವ ದೀಪ ಮತ್ತು ಬಜರ್. ವಿಮಾನದ ತಯಾರಕರ ಲಿಖಿತ ಒಪ್ಪಿಗೆಗೆ ಬರೆದಿದ್ದೇವೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ಅನುಮೋದನೆಯ ಕಾಗದಗಳನ್ನು ಲೈಸೆನ್ಸ್ ಇರುವ ಎಂಜಿನಿಯರ್ ಸಿದ್ಧಪಡಿಸುತ್ತಾರೆ. ಅವು ಬರುವ ತನಕ ಹಳೆಯ ವಿಮಾನದಲ್ಲೇ ಹಾರುತ್ತೇವೆ. ಈ ಯೋಜನೆಯಲ್ಲಿ ಇನ್ನೇನಾದರೂ ಬಿಟ್ಟುಹೋಗಿದೆಯೇ?

ಜಕ್ಕೂರು_ಹ್ಯಾಂಗರ್

ಮೂರು ಸಣ್ಣ ವಿಷಯಗಳಿವೆ. ಬ್ಯಾಕಪ್ ಬ್ಯಾಟರಿಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಆಸನದ ಹಿಂದಿನಿಂದ ಫೈರ್‌ವಾಲ್ ತನಕ ಬರುವ ಉದ್ದದ ವೈರ್ ನಡುವೆ ಎಲ್ಲಾದರೂ ಲೋಹಕ್ಕೆ ಉಜ್ಜಿ ಶಾರ್ಟ್ ಆದರೆ ಮುಂದಿನ ತುದಿಯಲ್ಲಿರುವ ಫ್ಯೂಸ್ ಅದನ್ನು ತಡೆಯುವುದಿಲ್ಲ. ಆ ವೈರ್ ಮುಖ್ಯ ಬ್ಯಾಟರಿಯ ವೈರ್ ಹೋಗುವ ಕಟ್ಟಿನಲ್ಲಿ ಸೇರದೆ ಕಾಕ್‌ಪಿಟ್‌ನ ಇನ್ನೊಂದು ಬದಿಯಿಂದ ಬರಲಿ. ಮತ್ತು 5.5 ಕಿಲೋ ತೂಕ ಹಿಂದಕ್ಕೆ ಹೋಗುವುದರಿಂದ ವಿಮಾನವನ್ನು ಮತ್ತೊಮ್ಮೆ ತೂಗಿಸಿ, ಒಬ್ಬರೇ ಕೂತಾಗ ಮತ್ತು ಇಬ್ಬರು ಕೂತಾಗ, ಟ್ಯಾಂಕ್ ತುಂಬಿದಾಗ ಮತ್ತು ಖಾಲಿಯಾದಾಗ ಸಿ.ಜಿ. (ವಿಮಾನದ ಗುರುತ್ವ ಕೇಂದ್ರ) ಮಿತಿಯೊಳಗೆ ಇದೆಯೇ ಎಂದು ಲೆಕ್ಕ ಹಾಕಿಸಿ. ವೈರಿಂಗ್ ಡ್ರಾಯಿಂಗ್ ಸಿದ್ಧವಾದಾಗ ಇಲ್ಲಿ ಹಾಕಿ, ಅರ್ತ್‌ನ ಗೆರೆಗಳನ್ನೂ ಬಿಡದೆ ಬರೆಸಿ. ನಾನೂ ವಿರಾಜಪೇಟೆಯ ಸರ್ ಕೂಡ ಒಂದೊಂದಾಗಿ ಹಿಡಿದು ನೋಡುತ್ತೇವೆ.